ಹಳೆಯ ಮಹೀಂದ್ರ ಜೀಪಿಗೆ ಸೀಟ್ ಬೆಲ್ಟ್: ತಗಡು ಕೆಲಸದಿಂದ ಬಕಲ್‌ವರೆಗೆ

ಮಲೆನಾಡಿನ ತೋಟಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಸಿಜೆ-3ಬಿ ವಂಶದ ಮಹೀಂದ್ರ ಜೀಪುಗಳಲ್ಲಿ ಸೀಟ್ ಬೆಲ್ಟ್ ಇಲ್ಲದವೇ ಹೆಚ್ಚು. ಮುಂದಿನ ಎರಡು ಸೀಟಿಗೆ ಬೆಲ್ಟ್ ಕೊಟ್ಟೇ ಗಾಡಿ ಮಾರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಾವಳಿಯ 125ನೇ ನಿಯಮ ತಯಾರಕರಿಗೆ ಹೇಳಿದ್ದು 1994ರಿಂದ. ನಮ್ಮ ಜೀಪು ಸಿಜೆ 500ಡಿ ಮಾದರಿಯದು, ಆ ನಿಯಮಕ್ಕಿಂತ ಹಳೆಯದು. ಬೆಲ್ಟ್ ಹಾಕಲೇಬೇಕೆಂದು ಯಾರೂ ಒತ್ತಾಯ ಮಾಡಲಿಲ್ಲ. ಆದರೆ ಈ ಜೀಪು ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತದೆ. ಬಾಗಿಲೇ ಇಲ್ಲದ ಗಾಡಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಆ ತಿರುವುಗಳಲ್ಲಿ ಹೋಗುವಾಗ ಆಗುವ ಆತಂಕವೇ ಈ ಕೆಲಸಕ್ಕೆ ಕಾರಣ. ಕೆಲಸ ಈಗಷ್ಟೇ ಮುಗಿದಿದೆ. ಇದೇ ದಾರಿ ಹಿಡಿಯುವವರಿಗೆ ಎಲ್ಲೆಲ್ಲಿ ಗೊಂದಲವಾಗುತ್ತದೆ, ಎಲ್ಲಿ ಹಣ ಹೋಗುತ್ತದೆ ಎಂಬುದನ್ನು ಬಿಡಿಸಿ ಬರೆದಿದ್ದೇನೆ.

ಹೋದ ಗ್ಯಾರೇಜಿನಲ್ಲೆಲ್ಲ ಸಿಕ್ಕ ಸಲಹೆ ಒಂದೇ: ಫ್ಲೋರಿಗೆ ನಾಲ್ಕು ತೂತು ಕೊರೆದು, ಸೊಂಟದ ಬೆಲ್ಟ್ ಬಿಗಿದು ಬಿಡಿ, ಅರ್ಧ ದಿನದ ಕೆಲಸ. ಹಾಗೆ ಮಾಡುವ ಮೊದಲು ಒಂದು ಲೆಕ್ಕ ನೋಡಬೇಕು. 70 ಕಿಲೋ ತೂಕದ ಒಬ್ಬರು ಕೂತಿದ್ದಾರೆ, ಗಾಡಿಯ ವೇಗ ಗಂಟೆಗೆ 50 ಕಿ.ಮೀ. ಗುದ್ದಿದ ಮೇಲೆ ಅವರ ಮೈ ಅರ್ಧ ಮೀಟರಿನೊಳಗೆ ನಿಲ್ಲಬೇಕು ಎಂದುಕೊಳ್ಳಿ. ಅವರನ್ನು ತಡೆದು ಹಿಡಿಯಲು ಬೇಕಾಗುವ ಸರಾಸರಿ ಬಲ ಸುಮಾರು 13,500 ನ್ಯೂಟನ್, ಎಂದರೆ ಹತ್ತಿರಹತ್ತಿರ 1,400 ಕಿಲೋ ಭಾರ ನೇತುಹಾಕಿದಷ್ಟು. ಒಂದು ಸಣ್ಣ ಕಾರಿಗಿಂತ ಹೆಚ್ಚಿನ ಈ ತೂಕವನ್ನು ತುಕ್ಕು ತಿಂದ ಒಂದೂವರೆ ಮಿಲಿಮೀಟರ್ ತಗಡು, ಸಾದಾ ವಾಷರ್ ಹಾಕಿದ ಎರಡು ಬೋಲ್ಟಿನಲ್ಲಿ ಹೊರುವುದಿಲ್ಲ. ವಾಷರ್ ಸಮೇತ ಬೋಲ್ಟು ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ. ಹೀಗಾಗಿ ಬೆಲ್ಟ್ ಕೊಳ್ಳುವುದು ಈ ಕೆಲಸದಲ್ಲಿ ಮೊದಲ ಹೆಜ್ಜೆಯಲ್ಲ.

ಸೊಂಟದ ಬೆಲ್ಟ್ ಸಾಕೋ, ಭುಜದ ಪಟ್ಟಿಯೂ ಇರುವ ಮೂರು ಬಿಂದುವಿನದು ಬೇಕೋ ಎಂಬುದು ಮುಂದಿನ ಪ್ರಶ್ನೆ. ಸೊಂಟದ ಬೆಲ್ಟ್ ಮನುಷ್ಯ ಹೊರಗೆ ಎಸೆಯಲ್ಪಡುವುದನ್ನು ತಪ್ಪಿಸುತ್ತದೆ. ಬಾಗಿಲಿಲ್ಲದ ಜೀಪಿನಲ್ಲಿ ಅದು ಸಣ್ಣ ಮಾತಲ್ಲ. ಆದರೆ ಮೈ ಸೊಂಟದಲ್ಲಿ ಮಡಚಿಕೊಂಡು ತಲೆ ನೇರವಾಗಿ ಸ್ಟಿಯರಿಂಗಿಗೋ ಡ್ಯಾಶಿಗೋ ಹೋಗುತ್ತದೆ. ಹಳೆಯ ಜೀಪಿನ ಸ್ಟಿಯರಿಂಗ್ ಕಾಲಂ ಈಗಿನ ಕಾರಿನಂತೆ ಕುಸಿದು ಕೊಡುವಂಥದ್ದಲ್ಲ, ಗಟ್ಟಿ ಸಲಾಕೆ. ಹಾಗಾಗಿ ಮುಂದಿನ ಎರಡೂ ಸೀಟಿಗೆ ಮೂರು ಬಿಂದುವಿನದೇ ಎಂದು ತೀರ್ಮಾನವಾಯಿತು. ಹುಡ್ ಹೊದಿಸಿದ ಜೀಪಿನಲ್ಲಿ ಭುಜದ ಪಟ್ಟಿಯನ್ನು ಕಟ್ಟಲು ಕಂಬವೇ ಇಲ್ಲ. ಹುಡ್ಡಿನ ಕಮಾನಿಗೆ ಕಟ್ಟಿದರೆ ಅದು ಬೆಲ್ಟಿನ ಜೊತೆಗೇ ಕಿತ್ತು ಬರುತ್ತದೆ. ಸೀಟಿನ ಬೆನ್ನಿನ ಕೆಳಭಾಗಕ್ಕೋ ಹಿಂದಿನ ಫ್ಲೋರಿಗೋ ಕಟ್ಟಿ ಪಟ್ಟಿಯನ್ನು ಭುಜದ ಮೇಲಿಂದ ಹಾಯಿಸುವವರಿದ್ದಾರೆ, ಇದು ಅಪಾಯ. ಪಟ್ಟಿ ಭುಜಕ್ಕಿಂತ ಕೆಳಗಿನಿಂದ ಎಳೆದರೆ ಗುದ್ದಿದ ಹೊತ್ತಿಗೆ ಭುಜವನ್ನು ಕೆಳಕ್ಕೆ ಒತ್ತಿ ಬೆನ್ನುಮೂಳೆಯನ್ನು ಅದುಮುತ್ತದೆ. ಭುಜದ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲಕ್ಕೆ ಆಧಾರ ಬೇಕೆಂದರೆ ಸೀಟಿನ ಹಿಂದೆ ರೋಲ್ ಬಾರ್, ಅಂದರೆ ಗಟ್ಟಿ ಪೈಪಿನ ಕಮಾನು ನಿಲ್ಲಿಸದೆ ಬೇರೆ ದಾರಿಯಿಲ್ಲ.

ಕೆಲಸ ಶುರುವಾಗಿದ್ದು ಫ್ಲೋರಿನಿಂದ. ಸೀಟು, ರಬ್ಬರ್ ಮ್ಯಾಟು ಎಲ್ಲ ತೆಗೆದು ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲಕ್ಕೆ ತಟ್ಟುತ್ತಾ ಹೋಗಬೇಕು. ಒಳ್ಳೆಯ ತಗಡು ಟಣ್ ಎನ್ನುತ್ತದೆ. ಬಣ್ಣದ ಕೆಳಗೆ ಪುಡಿಯಾದದ್ದು ಮಂಕಾಗಿ ಸದ್ದು ಮಾಡುತ್ತದೆ, ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗೆ ಇಳಿಯುತ್ತದೆ. ಫ್ಲೋರಿನ ಕೆಳಗೆ ಅಡ್ಡಲಾಗಿ ಬೆಸುಗೆ ಹಾಕಿರುವ ಟೋಪಿ ಆಕಾರದ ಚಾನಲ್ ಸಿಕ್ಕುವ ಜಾಗದಲ್ಲೇ ತುಕ್ಕು ಹೆಚ್ಚು, ಏಕೆಂದರೆ ಕೆಸರು ಹೋಗಿ ಕೂರುವುದು ಅಲ್ಲೇ. ಬೆಲ್ಟಿನ ಬೋಲ್ಟು ಬರಬೇಕಾದದ್ದೂ ಅದರ ಪಕ್ಕದಲ್ಲೇ. ನಮ್ಮದರಲ್ಲಿ ಡ್ರೈವರ್ ಕಡೆಯ ಫ್ಲೋರ್ ಪೂರ್ತಿ, ಎಡಗಡೆ ಅರ್ಧ ಬದಲಾಯಿತು. 16 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಹಾಕಿಸಿ, ಅಂದರೆ 1.6 ಮಿ.ಮೀ. ಅದಕ್ಕಿಂತ ತೆಳುವಾದ 18 ಗೇಜು ಬಗ್ಗಿಸಲು ಸುಲಭವೆಂದು ಟಿಂಕರಿಂಗಿನವರು ಅದನ್ನೇ ಒತ್ತಾಯಿಸುತ್ತಾರೆ, ಒಪ್ಪಬೇಡಿ. ಹಳೆಯ ತಗಡಿನ ಮೇಲೆಯೇ ಹೊಸದನ್ನು ಹೊದಿಸುವುದೂ ಬೇಡ. ಎರಡರ ನಡುವೆ ನೀರು ನಿಂತು ಕೆಲವು ಮಳೆಗಾಲದಲ್ಲಿ ಎರಡೂ ಹೋಗುತ್ತವೆ.

ಇಲ್ಲೊಂದು ಎಚ್ಚರಿಕೆ. ಈ ಜೀಪುಗಳಲ್ಲಿ ಡೀಸೆಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ವೆಲ್ಡಿಂಗ್ ಮಾಡುವ ಮೊದಲು ಟ್ಯಾಂಕ್ ಇಳಿಸಿ ಶೆಡ್ಡಿನಿಂದ ಹೊರಗಿಡಬೇಕು, ಬ್ಯಾಟರಿಯ ವೈರ್ ಬಿಚ್ಚಬೇಕು. ಒದ್ದೆ ಬಟ್ಟೆ ಹೊದಿಸಿ ಮಾಡಿಬಿಡೋಣ ಎನ್ನುವ ಮಾತಿಗೆ ಕಿವಿಗೊಡಬೇಡಿ. ಕೊರೆಯುವಾಗಲೂ ಅಷ್ಟೇ, ಡ್ರಿಲ್ಲಿನ ತುದಿ ಎಲ್ಲಿಗೆ ಹೊರಡುತ್ತದೆಂದು ಕೆಳಗಿನಿಂದ ನೋಡಿಕೊಂಡೇ ಗುಂಡಿ ಒತ್ತಬೇಕು.

ರೋಲ್ ಬಾರಿನ ಪೈಪು ಸಿಗುವುದೇ ಒಂದು ಕಾಯುವಿಕೆ. ಊರಿನ ವೆಲ್ಡಿಂಗ್ ಅಂಗಡಿಗಳಲ್ಲಿ ಕೈಗೆ ಸಿಗುವುದು ನೀಲಿ ಪಟ್ಟಿಯ ಬಿ ಕ್ಲಾಸ್ ಜಿಐ ಪೈಪು. ಅದು ನೀರು ಹರಿಸಲು ಇರುವಂಥದ್ದು. ಅದರ ಸತುವಿನ ಲೇಪನ ಬೆಸುಗೆಯನ್ನು ಕೆಡಿಸುತ್ತದೆ, ಆ ಹೊಗೆ ಬೆಸುಗೆ ಹಾಕುವವರ ಆರೋಗ್ಯವನ್ನೂ ಕೆಡಿಸುತ್ತದೆ. ಮೋಟಾರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ನಿಯಮ ಮುಖ್ಯ ಕಮಾನಿಗೆ ಕೇಳುವುದು ಬೆಸುಗೆಯ ಗೆರೆಯಿಲ್ಲದ ಕೋಲ್ಡ್ ಡ್ರಾನ್ ಸೀಮ್‌ಲೆಸ್ (ಸಿಡಿಎಸ್) ಪೈಪು, 45 ಮಿ.ಮೀ. ಹೊರ ಅಳತೆಗೆ 2.5 ಮಿ.ಮೀ. ದಪ್ಪ, ಅಥವಾ 50ಕ್ಕೆ 2 ಮಿ.ಮೀ. ತೋಟದ ಜೀಪಿಗೂ ಇದೇ ಅಳತೆ ಹಿಡಿಯುವುದು ಒಳ್ಳೆಯದು. ಅಂಗಡಿಯಲ್ಲಿ ಕೇಳುವಾಗ ಸೀಮ್‌ಲೆಸ್, ಸಿಡಿಎಸ್ ಎಂದೇ ಕೇಳಿ. ಬಗ್ಗಿಸುವುದು ಮ್ಯಾಂಡ್ರಲ್, ಅಂದರೆ ಪೈಪಿನೊಳಗೆ ಆಧಾರ ಕೊಡುವ ಸಲಾಕೆ ಇರುವ ಯಂತ್ರದಲ್ಲಾಗಬೇಕು. ಮರಳು ತುಂಬಿ, ಕಾಯಿಸಿ ಬಗ್ಗಿಸಿದ ಪೈಪಿನ ಒಳಮೈ ಸುಕ್ಕಾಗುತ್ತದೆ. ಮುಂದೆ ಮಡಚಿಕೊಳ್ಳುವುದು ಆ ಸುಕ್ಕಿನ ಜಾಗದಲ್ಲೇ. ಅಂಥ ಯಂತ್ರ ಎಲ್ಲ ಊರಿನಲ್ಲೂ ಇರುವುದಿಲ್ಲ, ಸರದಿ ಬರುವವರೆಗೆ ಕಾಯಬೇಕಾಗುತ್ತದೆ. ಕಾಯಿರಿ.

ಕಮಾನನ್ನು ನಿಲ್ಲಿಸಿದ್ದು ಹಿಂದಿನ ಚಕ್ರದ ಮೇಲಿನ ಮಡ್‌ಗಾರ್ಡ್ ಪೆಟ್ಟಿಗೆಗಳ ಮೇಲೆ, ಮುಂದಿನ ಸೀಟಿನ ಬೆನ್ನಿಗೆ ಸರಿಯಾಗಿ ಹಿಂದೆ. ಪ್ರತಿ ಕಾಲಿನ ಕೆಳಗೂ ತಗಡಿನ ಎರಡೂ ಬದಿಗೆ ಪ್ಲೇಟು ಇರಬೇಕು. ಎಫ್‌ಐಎ ಹೇಳುವ ಕನಿಷ್ಠ ಅಳತೆ 3 ಮಿ.ಮೀ. ದಪ್ಪ, 120 ಚದರ ಸೆಂಟಿಮೀಟರ್ ಹರವು, ಮೂರು ಎಂ8 (8 ಮಿ.ಮೀ.) ಬೋಲ್ಟು, ಗಟ್ಟಿತನದ ಗ್ರೇಡ್ 8.8. ಕಮಾನೊಂದನ್ನೇ ನಿಲ್ಲಿಸಿ ಬಿಡುವವರು ಬಹಳ. ಭುಜದ ಪಟ್ಟಿ ಅದನ್ನು ಮುಂದಕ್ಕೆ ಎಳೆಯುತ್ತದೆ ಎಂಬುದು ನೆನಪಿರಲಿ. ಹಿಂದಕ್ಕೆ ಹಿಡಿದುಕೊಳ್ಳಲು ಎರಡು ಓರೆ ಕಾಲುಗಳು ಬೇಕೇ ಬೇಕು, ಅವು ಲಂಬಕ್ಕೆ ಕನಿಷ್ಠ 30 ಡಿಗ್ರಿ ಓರೆಯಾಗಿರಬೇಕು. ಸೀಟಿನಲ್ಲಿ ಕೂತವರ ತಲೆಗೆ ತಾಗಬಹುದಾದ ಕಡೆಯೆಲ್ಲ ಗಟ್ಟಿ ಫೋಮ್ ಸುತ್ತಿಸಿ. ಏಸಿ ಪೈಪಿಗೆ ಹಾಕುವ ಕಪ್ಪು ಫೋಮು ನೋಡಲು ಹಾಗೆಯೇ ಇದ್ದರೂ ಬೆರಳಿಗೇ ತಗ್ಗುತ್ತದೆ, ತಲೆಯನ್ನು ಕಾಯುವುದಿಲ್ಲ. ಬೆಲ್ಟ್ ಹಾಕದೆ ಕೂರುವವರ ತಲೆಯ ಹಿಂದೆ ರೋಲ್ ಬಾರ್ ಇರುವುದು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಬಾರ್ ಹಾಕಿಸಿ ಬೆಲ್ಟನ್ನು ಆಮೇಲೆ ನೋಡೋಣ ಎಂದು ಬಿಡಬೇಡಿ.

ಬೆಲ್ಟ್ ಖರೀದಿಯ ವಿಚಾರ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಬೆಲ್ಟ್ ಕೇಳಿದರೆ ಅಗ್ಗದ್ದನ್ನೂ ತೋರಿಸುತ್ತಾರೆ, ಪರೀಕ್ಷೆಯ ಗುರುತಿರುವುದನ್ನೂ ತೋರಿಸುತ್ತಾರೆ. ಪಟ್ಟಿಗೆ ಹೊಲಿದ ಚೀಟಿಯನ್ನು ಓದಿ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲೊಂದು ಅಂಕಿ ಇದ್ದರೆ ಅದು ಯುರೋಪಿನ ಆರ್16 ಪರೀಕ್ಷೆ ದಾಟಿದ್ದು. ಭಾರತದ ಮಾನದಂಡ ಎಐಎಸ್-005. ಅದರ ಜೊತೆಗೆ 'ಎ ಆರ್ 4 ಎಂ' ಎಂಬ ಗುರುತು ಇದ್ದರೆ ಎ ಎಂದರೆ ಮೂರು ಬಿಂದು, ಆರ್ ಎಂದರೆ ಸುತ್ತಿಕೊಳ್ಳುವ ರೀಲು, 4 ಎಂದರೆ ತುರ್ತಿನಲ್ಲಿ ಲಾಕ್ ಆಗುವ ಬಗೆ, ಎಂ ಎಂದರೆ ಗಾಡಿಯ ಕುಲುಕಿಗೂ ಪಟ್ಟಿಯ ಎಳೆತಕ್ಕೂ ಸ್ಪಂದಿಸುವಂಥದ್ದು. ಚೀಟಿಯೇ ಇಲ್ಲದ ಬೆಲ್ಟ್ ಎಷ್ಟು ಕಡಿಮೆಗೆ ಸಿಕ್ಕರೂ ಬೇಡ.

ಗುಜರಿಯ ಬೆಲ್ಟೂ ಬೇಡ. ಅಪಘಾತದಲ್ಲಿ ಒಮ್ಮೆ ಭಾರ ಹೊತ್ತ ಪಟ್ಟಿಯ ಎಳೆಗಳು ಹಿಗ್ಗಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಈಚಿನ ಕಾರುಗಳ ರೀಲಿನಲ್ಲಿ ಹಳದಿ ಕನೆಕ್ಟರ್ ಕಂಡರೆ ಅದರೊಳಗೆ ಪ್ರಿಟೆನ್ಷನರಿನ (ಗುದ್ದಿದ ಕ್ಷಣ ಪಟ್ಟಿಯನ್ನು ಬಿಗಿಯುವ ಸಾಧನ) ಸಿಡಿಮದ್ದು ಇದೆ ಎಂದರ್ಥ, ಅದನ್ನು ಬಿಚ್ಚಲು ಹೋಗಬಾರದು. ಜೊತೆಗೆ ಏರ್‌ಬ್ಯಾಗ್ ಇರುವ ಕಾರಿನ ಬೆಲ್ಟುಗಳಲ್ಲಿ ಎದೆಯ ಮೇಲಿನ ಒತ್ತಡ ಮಿತಿ ಮೀರದಂತೆ ಪಟ್ಟಿಯನ್ನು ಸ್ವಲ್ಪ ಬಿಟ್ಟುಕೊಡುವ ವ್ಯವಸ್ಥೆ ಇರುವುದುಂಟು. ಎದುರಿಗೆ ಏರ್‌ಬ್ಯಾಗ್ ಇರುವಲ್ಲಿ ಅದು ಸರಿ, ಗಟ್ಟಿ ಸ್ಟಿಯರಿಂಗ್ ಇರುವ ಜೀಪಿನಲ್ಲಿ ಅದೇ ಕೆಡುಕು.

ಹೆಚ್ಚು ಸುತ್ತಾಡಿಸಿದ್ದು ಬೋಲ್ಟು. ಪ್ರಪಂಚದಾದ್ಯಂತ ಸೀಟ್ ಬೆಲ್ಟಿನ ಬೋಲ್ಟು ಬಹುತೇಕ ಒಂದೇ: 7/16 ಇಂಚು, ಇಂಚಿಗೆ 20 ಎಳೆಯ (ಥ್ರೆಡ್), ಯುಎನ್‌ಎಫ್ ಎಂಬ ಬಗೆ. ಮಿಲಿಮೀಟರಿನಲ್ಲಿ 11.1. ಅಂಗಡಿಯವರು ಎಂ12 ಕೊಡುತ್ತಾರೆ, ಬೆಲ್ಟಿನ ಕಿವಿಯ ತೂತಿಗೆ ಹೋಗುವುದಿಲ್ಲ. ಆಗ ತೂತನ್ನೇ ಅಗಲಿಸೋಣ ಎನ್ನುತ್ತಾರೆ, ಬಿಡಬೇಡಿ. ಎಂ10 ಸಡಿಲವಾಗಿ ಕೂರುತ್ತದೆ, ಅದೂ ಬೇಡ. ಬೆಲ್ಟಿನ ಜೊತೆಗೇ ಬರುವ ಮೆಟ್ಟಿಲುಳ್ಳ ಬೋಲ್ಟು, ಅಲೆಯಾಕಾರದ ವಾಷರ್, ಸ್ಪೇಸರ್ ಇರುವ ಸೆಟ್ಟನ್ನೇ ಕೇಳಿ ತೆಗೆದುಕೊಳ್ಳಿ. ಆ ಮೆಟ್ಟಿಲು ಏಕೆಂದರೆ, ಬೋಲ್ಟು ಪೂರ್ತಿ ಬಿಗಿದ ಮೇಲೂ ಬೆಲ್ಟಿನ ಕಿವಿ ಸಲೀಸಾಗಿ ತಿರುಗಬೇಕು. ಸಾದಾ ಬೋಲ್ಟು ಹಾಕಿ ಕಿವಿಯನ್ನು ಅದುಮಿ ಹಿಡಿದರೆ ಪಟ್ಟಿ ಎಳೆತದ ದಿಕ್ಕಿಗೆ ತಿರುಗದೆ ಒಂದು ಅಂಚಿನ ಮೇಲೆಯೇ ಭಾರ ಬಿದ್ದು ಅಲ್ಲಿಂದ ಹರಿಯಲು ಶುರುವಾಗುತ್ತದೆ. ತಲೆಗೆ 17 ಮಿ.ಮೀ. ಸ್ಪ್ಯಾನರ್, ಅಥವಾ ಟಿ50 ಟಾರ್ಕ್ಸ್ ಬೇಕಾಗುತ್ತದೆ.

ಬೋಲ್ಟಿನ ಜಾಗ ಗುರುತಿಸುವಾಗ ಸೀಟು ಕೂರಿಸಿ, ಮನುಷ್ಯರನ್ನು ಕೂರಿಸಿಯೇ ಅಳೆಯಬೇಕು. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು, ಎಲ್ಲರಿಗಿಂತ ಗಿಡ್ಡ ವಯಸ್ಕರು ಇಬ್ಬರೂ ಕೂತು ನೋಡಲಿ. ಸೊಂಟದ ಪಟ್ಟಿ ಪಕ್ಕದಿಂದ ನೋಡಿದಾಗ ನೆಲಕ್ಕೆ 45ರಿಂದ 60 ಡಿಗ್ರಿಯಲ್ಲಿ ಇಳಿದರೆ ಸರಿ. ತೀರಾ ಮಲಗಿದ ಕೋನವಾದರೆ ಪಟ್ಟಿ ಸೊಂಟದ ಮೂಳೆ ಬಿಟ್ಟು ಹೊಟ್ಟೆಗೆ ಏರುತ್ತದೆ, ಮನುಷ್ಯ ಅದರ ಕೆಳಗಿನಿಂದ ಜಾರಿ ಹೋಗುತ್ತಾನೆ. ಒಂದು ದಾರ ಕಟ್ಟಿ ಕೋನಮಾಪಕ ಹಿಡಿದರೆ ಇದು ಐದು ನಿಮಿಷದ ಕೆಲಸ. ಬಕಲ್ ಸೊಂಟದ ಪಕ್ಕಕ್ಕೇ ಬರಬೇಕು, ಹೊಟ್ಟೆಯ ಮೇಲೆ ಬರಬಾರದು. ಅದಕ್ಕೆ ಗಿಡ್ಡ, ಗಟ್ಟಿ ಕಾಂಡದ ಬಕಲನ್ನೇ ಆರಿಸಿ. ಒಳಗಡೆಯ ಬೋಲ್ಟು ಬರುವುದು ಗೇರ್‌ಬಾಕ್ಸಿನ ದಿಬ್ಬದ ಪಕ್ಕ. ಅದರ ಕೆಳಗೆ ಟ್ರಾನ್ಸ್‌ಫರ್ ಕೇಸು, ಪ್ರೊಪೆಲ್ಲರ್ ಶಾಫ್ಟು, ಹ್ಯಾಂಡ್‌ಬ್ರೇಕಿನ ಕೇಬಲ್ಲು, ಸೈಲೆನ್ಸರ್ ಪೈಪು ಎಲ್ಲ ಓಡಾಡುತ್ತವೆ. ಗಾಡಿಯ ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡದೆ ಅಲ್ಲಿ ಕೊರೆಯಬೇಡಿ.

ಮೂರು ಬಿಂದುವನ್ನೂ ಬಾಡಿಗೇ ಕಟ್ಟಬೇಕೋ, ಶಾಸಿಗೆ ಕಟ್ಟಿದರೆ ಇನ್ನೂ ಗಟ್ಟಿಯಲ್ಲವೇ ಎಂದು ಹಲವರು ಕೇಳಿದರು. ಜೀಪಿನ ಬಾಡಿ ರಬ್ಬರ್ ಬುಷ್ಷುಗಳ ಮೇಲೆ ಶಾಸಿಗೆ ಕೂತಿದೆ, ಸೀಟು ಬಾಡಿಯ ಮೇಲಿದೆ. ಗುದ್ದಿದಾಗ ಬಾಡಿಯೊಂದು ಕಡೆ, ಶಾಸಿಯೊಂದು ಕಡೆ ಸರಿದರೆ ಬೆಲ್ಟ್ ಇನ್ನಷ್ಟು ಬಿಗಿಯುತ್ತದೆ ಇಲ್ಲವೇ ಸಡಿಲವಾಗುತ್ತದೆ. ಸೀಟು, ಬೆಲ್ಟು, ರೋಲ್ ಬಾರ್ ಎಲ್ಲ ಒಂದೇ ಬಾಡಿಯ ಮೇಲಿರಲಿ, ಬಾಡಿಯ ಹಳೆಯ ಬುಷ್ಷು, ಬೋಲ್ಟುಗಳನ್ನು ಈ ಸಂದರ್ಭದಲ್ಲೇ ಹೊಸದು ಮಾಡಿಸಿ. ಸೀಟನ್ನು ಹಿಡಿದಿರುವ ಬೋಲ್ಟುಗಳನ್ನೂ ನೋಡಿ. ಎಡಗಡೆಯ ಸೀಟು ಮುಂದಕ್ಕೆ ಮಗುಚುವಂಥದ್ದಾದರೆ ಅದನ್ನು ಹಿಡಿದಿಡುವ ಕೊಂಡಿ ಬೇಕು, ಇಲ್ಲವಾದರೆ ಸೀಟಿನ ಭಾರವೂ ಕೂತವರ ಬೆನ್ನ ಮೇಲೆಯೇ ಬೀಳುತ್ತದೆ.

ಫ್ಲೋರಿನ ಬೋಲ್ಟಿಗೆ ಹಾಕಿದ್ದು 75 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಉಕ್ಕಿನ ಪ್ಲೇಟು. ಅದು ಎಳೆತದ ಎದುರು ಬದಿಗೆ, ಎಂದರೆ ಫ್ಲೋರಿನ ಅಡಿಗೆ ಬರಬೇಕು. ಮೂಲೆಗಳನ್ನು ಗ್ರೈಂಡರಿನಲ್ಲಿ ಉರುಟು ಮಾಡಿ, ಅಂಚನ್ನು ಉಜ್ಜಿ. ಚೂಪು ಮೂಲೆ ಭಾರ ಬಿದ್ದಾಗ ಬ್ಲೇಡಿನ ಕೆಲಸ ಮಾಡಿ ತಗಡನ್ನು ಸೀಳುತ್ತದೆ. ಪ್ಲೇಟಿಗೆ ನಟ್ಟು ಬೆಸುಗೆ ಹಾಕುವುದಾದರೆ ವೆಲ್ಡ್ ನಟ್ಟನ್ನೇ ತನ್ನಿ. ಹೈ ಟೆನ್ಸೈಲ್ ನಟ್ಟಿಗೆ ಬೆಸುಗೆ ಹಾಕಿದರೆ ಅದು ಪೆಡಸಾಗಿ ಬಿರಿಯುತ್ತದೆ. ಬೆಸುಗೆಯಾದ ಮೇಲೆ 7/16 ಯುಎನ್‌ಎಫ್ ಟ್ಯಾಪ್ (ಥ್ರೆಡ್ ಕಡೆಯುವ ಸಾಧನ) ಒಮ್ಮೆ ಓಡಿಸಿ, ಬೋಲ್ಟು ಕೈಯಲ್ಲೇ ಕೊನೆತನಕ ಹೋಗಬೇಕು. ತೂತು 11.5 ಮಿ.ಮೀ. ಸಾಕು. ರೋಲ್ ಬಾರಿಗೆ ಮಾತ್ರ ಆರುಪಾರು ತೂತು ಕೊರೆದು ಬೋಲ್ಟು ತೂರಿಸಬೇಡಿ, ಪೈಪು ಅಲ್ಲೇ ದುರ್ಬಲವಾಗುತ್ತದೆ. ಲೇತಿನಲ್ಲಿ ಗಟ್ಟಿ ಬುಷ್ ಕಡೆಸಿ, 9.9 ಮಿ.ಮೀ. ತೂತಿಗೆ ಟ್ಯಾಪ್ ಹಾಕಿಸಿ, ಆ ಬುಷ್ಷನ್ನು ಪೈಪಿನೊಳಗೆ ಕೂರಿಸಿ ಸುತ್ತ ಬೆಸುಗೆ ಹಾಕಬೇಕು. ಮೇಲಿನ ಕೊಂಡಿ ಅದಕ್ಕೆ ಬರುತ್ತದೆ. ಬಿಗಿ ಸುಮಾರು 40 ನ್ಯೂಟನ್ ಮೀಟರ್, ಬೆಲ್ಟಿನ ಚೀಟಿಯಲ್ಲಿ ಬೇರೆ ಬರೆದಿದ್ದರೆ ಅದೇ ಪ್ರಮಾಣ. ಕೆಲಸಕ್ಕೆ ಸಿಕ್ಕ ವೆಲ್ಡಿಂಗ್ ಅಂಗಡಿಯಲ್ಲಿ ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಇರಲಿಲ್ಲ, ಬಾಡಿಗೆಗೆ ತರಿಸಬೇಕಾಯಿತು. ಮೊದಲೇ ವಿಚಾರಿಸಿಕೊಳ್ಳಿ.

ಎಲ್ಲ ಕೂರಿಸಿ ಎಳೆದು ನೋಡಿದರೆ ಎಡಗಡೆಯ ಬೆಲ್ಟ್ ಅಂಗುಲವೂ ಹೊರಗೆ ಬರಲಿಲ್ಲ. ಅಂಗಡಿಯವರು ರೀಲು ಕೆಟ್ಟಿದೆ ಎಂದರು. ರೀಲು ಸರಿಯಾಗಿಯೇ ಇತ್ತು, ಅದನ್ನು ಹೊತ್ತ ಬ್ರಾಕೆಟ್ ಓರೆಯಾಗಿತ್ತು. ರೀಲಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳದೊಳಗೆ ಸಣ್ಣ ಬಟ್ಟಲು, ಅದರಲ್ಲೊಂದು ಉಕ್ಕಿನ ಗುಂಡು ಇರುತ್ತದೆ. ರೀಲು ನೆಟ್ಟಗಿದ್ದರೆ ಗುಂಡು ತಳದಲ್ಲಿ ಕೂತಿರುತ್ತದೆ, ಪಟ್ಟಿ ನಯವಾಗಿ ಬರುತ್ತದೆ. ಗಾಡಿ ಗಕ್ಕನೆ ನಿಂತರೆ ಅಥವಾ ಓರೆಯಾದರೆ ಗುಂಡು ಬಟ್ಟಲಿನ ಅಂಚಿಗೆ ಏರಿ ಮೇಲಿನ ಸಣ್ಣ ಸನ್ನೆಯನ್ನು ಎತ್ತುತ್ತದೆ, ಸನ್ನೆ ಹಲ್ಲುಚಕ್ರಕ್ಕೆ ಸಿಕ್ಕಿ ಟಕ್ ಎಂದು ಲಾಕ್. ಕೈಯಲ್ಲಿ ರೀಲು ಹಿಡಿದು ಮೆಲ್ಲಗೆ ವಾಲಿಸುತ್ತಾ ಪಟ್ಟಿ ಎಳೆದರೆ ಇದು ಸ್ಪಷ್ಟವಾಗಿ ತಿಳಿಯುತ್ತದೆ. ಆರ್16 ನಿಯಮದ ಪ್ರಕಾರ 4ನೇ ಬಗೆಯ ರೀಲು 12 ಡಿಗ್ರಿವರೆಗಿನ ಓರೆಗೆ ಲಾಕ್ ಆಗಬಾರದು, 27 ಡಿಗ್ರಿ ಮೀರಿದರೆ ಆಗಲೇಬೇಕು. ರೀಲನ್ನು ಯಾವ ಕೋನದಲ್ಲಿ ಕೂರಿಸಬೇಕೆಂದು ಅದರ ಜೊತೆಗಿನ ಕಾಗದದಲ್ಲಿ ಇರುತ್ತದೆ. ಕಮಾನಿನ ಕಾಲು ಓರೆಯಿದ್ದರೂ ಬ್ರಾಕೆಟ್ಟನ್ನು ಆ ಕೋನಕ್ಕೆ ತರಬೇಕು, ಗಾಡಿ ಸಮತಟ್ಟು ನೆಲದಲ್ಲಿ ನಿಂತಿರುವಾಗ ಮಟ್ಟ ಹಿಡಿದು ನೋಡಬೇಕು. ಬ್ರಾಕೆಟ್ ಮತ್ತೆ ಕತ್ತರಿಸಿ ಬೆಸುಗೆ ಹಾಕಿದ ಮೇಲೆ ಪಟ್ಟಿ ಸಲೀಸಾಗಿ ಬಂತು. ತೋಟದ ಕಡಿದಾದ ಏರಿನಲ್ಲಿ ನಿಂತು ಬೆಲ್ಟ್ ಹಾಕಲು ಹೋದರೆ ಬರದಿರುವುದೂ ಇದೇ ಕಾರಣಕ್ಕೆ. ಸಮತಟ್ಟಿನಲ್ಲೇ ಹಾಕಿಕೊಂಡು ಹೊರಡಿ.

ಹಿಂದಿನ ಅಡ್ಡ ಬೆಂಚುಗಳಿಗೆ ಭುಜದ ಪಟ್ಟಿ ಬೇಡ. ಪಕ್ಕಕ್ಕೆ ಮುಖ ಮಾಡಿ ಕೂತವರ ಕುತ್ತಿಗೆಗೆ ಅದು ಸಿಕ್ಕುತ್ತದೆ. ಸೊಂಟದ ಬೆಲ್ಟ್ ಹಾಕಿಸಿದ್ದೇವೆ, ಅದು ಹೊರಗೆ ಬೀಳದಂತೆ ತಡೆಯಲು ಮಾತ್ರ. ಇಂಥ ಬೆಂಚಿನಲ್ಲಿ ಮಕ್ಕಳನ್ನು ಹೆದ್ದಾರಿಗೆ, ಘಾಟಿಗೆ ಕರೆದೊಯ್ಯಬಾರದು. ಮುಂದಿನ ಸೀಟಿನಲ್ಲಿ ಕೂತರೂ ಪಟ್ಟಿ ಕುತ್ತಿಗೆಗೆ ತಾಗುವಷ್ಟು ಗಿಡ್ಡ ಮಕ್ಕಳಿಗೆ ಈ ಬೆಲ್ಟ್ ಹೊಂದುವುದಿಲ್ಲ.

ಕಾಗದಪತ್ರದ ಮಾತು. ಸೀಟ್ ಬೆಲ್ಟ್ ಆರ್‌ಸಿಯಲ್ಲಿ ನಮೂದಾಗುವ ವಿವರವಲ್ಲ. ಸೀಟುಗಳ ಸಂಖ್ಯೆ ನಮೂದಾಗುತ್ತದೆ, ಅದನ್ನು ಬದಲಿಸಬೇಡಿ. ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ರೋಲ್ ಬಾರ್ ವಿಚಾರವನ್ನು ಪೈಪು ಕತ್ತರಿಸುವ ಮೊದಲೇ ಆರ್‌ಟಿಒ ಕಚೇರಿಯ ಇನ್‌ಸ್ಪೆಕ್ಟರ್ ಬಳಿ ಮಾತನಾಡಿಕೊಳ್ಳಿ, ವಿಮೆಯವರಿಗೆ ಬರಹದಲ್ಲಿ ತಿಳಿಸಿ. ತುಕ್ಕು ಬಿಡಿಸಿದ ಫ್ಲೋರು, ಪ್ಲೇಟುಗಳು, ಬೆಲ್ಟಿನ ಚೀಟಿ ಇವುಗಳ ಫೋಟೊ ತೆಗೆದು ಬಿಲ್ಲುಗಳ ಜೊತೆ ಇಟ್ಟುಕೊಳ್ಳಿ, ಬಣ್ಣ ಬಳಿದ ಮೇಲೆ ಒಳಗೇನಿದೆಯೆಂದು ಯಾರಿಗೂ ತೋರಿಸಲಾಗದು. ಬೆಲ್ಟ್ ಇದ್ದ ಮೇಲೆ ಧರಿಸಿಯೇ ಓಡಿಸಬೇಕು, ಕಾಯ್ದೆಯ 194ಬಿ ಕಲಮಿನಲ್ಲಿ ದಂಡ 1,000 ರೂಪಾಯಿ.

ಒಟ್ಟು ಖರ್ಚಿನಲ್ಲಿ ಬೆಲ್ಟುಗಳ ಪಾಲು ಐದರಲ್ಲೊಂದೂ ಇಲ್ಲ. ದೊಡ್ಡ ಮೊತ್ತ ಹೋದದ್ದು ಫ್ಲೋರಿನ ತಗಡು ಕೆಲಸಕ್ಕೆ, ನಂತರ ರೋಲ್ ಬಾರಿಗೆ. ಹಣ ಕಡಿಮೆಯಿದ್ದರೆ ಫ್ಲೋರ್ ಮತ್ತು ಪ್ಲೇಟುಗಳನ್ನು ಸರಿಯಾಗಿ ಮಾಡಿಸಿ ಸದ್ಯಕ್ಕೆ ಸೊಂಟದ ಬೆಲ್ಟ್ ಹಾಕಿಸಿ, ಬಾರ್ ಮುಂದಿನ ವರ್ಷಕ್ಕಿರಲಿ. ಮಳೆಗಾಲದಲ್ಲಿ ಈ ಕೆಲಸ ಹಚ್ಚಬೇಡಿ. ಪ್ರೈಮರ್ ಒಣಗುವುದಿಲ್ಲ, ಒಣಗಿದಂತೆ ಕಂಡರೂ ಒಳಗೆ ತೇವ ಉಳಿದು ಹೊಸ ತಗಡಿಗೇ ತುಕ್ಕು ಹಿಡಿಯುತ್ತದೆ.

ಮೊದಲ ಪರೀಕ್ಷೆ ಖಾಲಿ ಮೈದಾನದಲ್ಲಿ, 20 ಕಿ.ಮೀ. ವೇಗದಲ್ಲಿ ಗಟ್ಟಿ ಬ್ರೇಕು. ಪಟ್ಟಿ ಎದೆಗೆ ಬಿಗಿಯಾಗಿ ಹಿಡಿದ ಆ ಕ್ಷಣದಲ್ಲಿ ಆದ ನೆಮ್ಮದಿ ದೊಡ್ಡದು. ಆಮೇಲೆ 500 ಕಿ.ಮೀ. ಓಡಿದ ಬಳಿಕ ಎಲ್ಲ ಬೋಲ್ಟುಗಳ ಬಿಗಿ ಮತ್ತೆ ನೋಡಬೇಕು. ಪ್ರತಿ ಮಳೆಗಾಲ ಮುಗಿದ ಮೇಲೆ ಅಡಿಯ ಪ್ಲೇಟುಗಳ ಸುತ್ತ ತುಕ್ಕು ಎದ್ದಿದೆಯೇ ನೋಡಿ, ಸೀಲರ್ ಬಿಟ್ಟಿದ್ದರೆ ಮತ್ತೆ ಹಚ್ಚಿ. ಕೆಸರಾದ ಪಟ್ಟಿಯನ್ನು ಪೂರ್ತಿ ಹೊರಗೆಳೆದು ಬೆಚ್ಚಗಿನ ನೀರು, ಸೌಮ್ಯ ಸೋಪಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿಯೇ ಒಳಗೆ ಬಿಡಿ. ಬ್ಲೀಚು, ಡೀಸೆಲ್ ಮುಟ್ಟಿಸಬೇಡಿ, ಬಕಲಿಗೆ ಎಣ್ಣೆ ಬಿಡಬೇಡಿ, ಎಣ್ಣೆಗೆ ದೂಳು ಅಂಟಿ ಕೊಂಡಿ ಕಚ್ಚಿಕೊಳ್ಳುತ್ತದೆ. ಪಟ್ಟಿಯ ಅಂಚಿನಲ್ಲಿ ಎಳೆ ಕಿತ್ತಿದ್ದರೆ, ಬಿಸಿಲಿಗೆ ಬಣ್ಣ ಹೋಗಿ ಬಿರುಸಾಗಿದ್ದರೆ, ಅಥವಾ ಒಂದು ಗುದ್ದಿನಲ್ಲಿ ಭಾರ ಹೊತ್ತಿದ್ದರೆ ರೀಲು, ಬಕಲ್, ಬೋಲ್ಟು ಸಮೇತ ಇಡೀ ಸೆಟ್ ಬದಲಿಸಿ, ಅಡಿಯ ಪ್ಲೇಟು ಬಾಗಿದೆಯೇ ಎಂದು ನೇರ ಸ್ಕೇಲ್ ಇಟ್ಟು ನೋಡಿ.